ಸ್ತನ ಕ್ಯಾನ್ಸರ್: ಜೀವಕೋಶಗಳ ಸಂದೇಶ ಹಾದಿ ತಪ್ಪಿದಾಗ

ನಿಮ್ಮ ಕಣ್ಣಿನ ಜೀವಕೋಶದಲ್ಲಿಯೂ ಅಂಗಾಲಿನ ಚರ್ಮದ ಜೀವಕೋಶದಲ್ಲಿಯೂ ಇರುವ ವಂಶವಾಹಿಗಳು ಒಂದೇ. ಪ್ರೊಟೀನ್ ತಯಾರಿಸುವ ಸೂಚನೆಯುಳ್ಳ ವಂಶವಾಹಿಗಳೇ ಸುಮಾರು 20,000 ಇವೆ. ಹಾಗಾದರೆ ಕಣ್ಣು ಕಣ್ಣಾಗಿಯೂ ಚರ್ಮ ಚರ್ಮವಾಗಿಯೂ ಉಳಿಯುವುದು ಹೇಗೆ? ಮನೆಯ ಎಲ್ಲ ದೀಪಗಳನ್ನು ನಾವು ಒಟ್ಟಿಗೆ ಉರಿಸುವುದಿಲ್ಲ, ಬೇಕಾದ ಕೋಣೆಯ ಸ್ವಿಚ್ ಮಾತ್ರ ಒತ್ತುತ್ತೇವೆ. ಜೀವಕೋಶವೂ ತನಗೆ ಬೇಕಾದ ವಂಶವಾಹಿಗಳನ್ನಷ್ಟೇ ಚಾಲೂ ಮಾಡಿಕೊಳ್ಳುತ್ತದೆ. ಯಾವುದನ್ನು ಯಾವಾಗ ಎಂದು ತಿಳಿಸುವ ಸಂದೇಶಗಳಲ್ಲಿ ಹಾರ್ಮೋನುಗಳು ಮುಖ್ಯವಾದವು. ಇದಕ್ಕೆ ಒಳ್ಳೆಯ ಉದಾಹರಣೆ ಸ್ತನ.

ಬೆಳೆಯಲೂ ಕುಗ್ಗಲೂ ಆಜ್ಞೆ ಬೇಕು

ಹುಡುಗಿಯು ಪ್ರಾಯಕ್ಕೆ ಬರುವಾಗ ಅಂಡಾಶಯವು ಈಸ್ಟ್ರೋಜನ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಸ್ತನದ ಜೀವಕೋಶದೊಳಗಿನ 'ಗ್ರಾಹಕ' ಎಂಬ ಪ್ರೊಟೀನಿಗೆ ಬೀಗಕ್ಕೆ ಕೀಲಿ ಕೂಡಿದಂತೆ ಕೂಡಿಕೊಂಡು, ಬೆಳವಣಿಗೆಯ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಹಾಲಿನ ನಾಳಗಳು ಕವಲೊಡೆಯುತ್ತವೆ. ಗರ್ಭಿಣಿಯಾದಾಗ ಪ್ರೊಜೆಸ್ಟರಾನ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳು ಹಾಲು ಉತ್ಪಾದಿಸುವ ಗ್ರಂಥಿಗಳನ್ನು ಸಿದ್ಧಗೊಳಿಸುತ್ತವೆ. ಮಗುವಿಗೆ ಹಾಲು ಬಿಡಿಸಿದ ಮೇಲೆ ಆ ಜೀವಕೋಶಗಳಲ್ಲಿ ಹೆಚ್ಚಿನವು ತಾವಾಗಿಯೇ ಸಾಯುತ್ತವೆ. 'ಬೆಳೆ' ಎಂಬ ಆಜ್ಞೆಯಷ್ಟೇ 'ನಿಲ್ಲು' ಎಂಬ ಆಜ್ಞೆಯೂ ಮುಖ್ಯ.

'ನಿಲ್ಲು' ಎಂಬುದು ಕೇಳಿಸದಾಗ

ವಂಶವಾಹಿಗಳಲ್ಲಿ ದೋಷ ಸೇರುತ್ತಾ ಹೋದರೆ ಜೀವಕೋಶವು ಎಗ್ಗಿಲ್ಲದೆ ವಿಭಜಿಸತೊಡಗುತ್ತದೆ. ಅದೇ ಕ್ಯಾನ್ಸರ್. ಆದರೆ ಎಲ್ಲ ಸ್ತನ ಕ್ಯಾನ್ಸರ್‌ಗಳೂ ಒಂದೇ ತೆರನಲ್ಲ. ಹೆಚ್ಚಿನವು ಈಸ್ಟ್ರೋಜನ್ ಸಂದೇಶವನ್ನೇ ಬಳಸಿಕೊಂಡು ಬೆಳೆಯುತ್ತವೆ. ನೂರರಲ್ಲಿ ಸುಮಾರು 15ರಿಂದ 20 ಪ್ರಕರಣಗಳಲ್ಲಿ 'ಹರ್-2' ಎಂಬ ವಂಶವಾಹಿಯ ಪ್ರತಿಗಳು ಮಿತಿಮೀರಿ, ಜೀವಕೋಶದ ಮೇಲ್ಮೈಯಲ್ಲಿ ಅದರ ಗ್ರಾಹಕಗಳು ಕಿಕ್ಕಿರಿದಿರುತ್ತವೆ. ಇನ್ನು ಕೆಲವರಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳೂ ಇರುವುದಿಲ್ಲ, ಹರ್-2 ಹೆಚ್ಚಳವೂ ಇರುವುದಿಲ್ಲ.

ವರದಿಯನ್ನು ಕೇಳಿ ತಿಳಿಯಿರಿ

ಗಂಟಿನ ತುಣುಕು ತೆಗೆದು ಮಾಡುವ ಬಯಾಪ್ಸಿ ಪರೀಕ್ಷೆಯ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂದು ಬರೆದಿರುವುದು ಇದನ್ನೇ. ಚಿಕಿತ್ಸೆ ನಿರ್ಧಾರವಾಗುವುದು ಇದರ ಮೇಲೆ. ಇ.ಆರ್. ಇದ್ದವರಿಗೆ ಟಮೋಕ್ಸಿಫೆನ್‌ನಂತಹ ಮಾತ್ರೆಗಳಿವೆ. ಅದು ಸ್ತನದಲ್ಲಿ ಬೀಗದ ರಂಧ್ರವನ್ನು ಮುಚ್ಚಿ, ಈಸ್ಟ್ರೋಜನ್ ಒಳಸೇರದಂತೆ ತಡೆಯುತ್ತದೆ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸೇವಿಸಬೇಕು. "ಈಗ ಗುಣವಾಗಿದೆಯಲ್ಲ" ಎಂದೋ, ಮೈ ಬಿಸಿಯೇರುತ್ತದೆಂದೋ ನೀವಾಗಿಯೇ ನಿಲ್ಲಿಸಬೇಡಿ. ತೊಂದರೆಯಿದ್ದರೆ ವೈದ್ಯರಿಗೆ ತಿಳಿಸಿ. ಈ ಮಾತ್ರೆ ಸೇವಿಸುವಾಗ ಗರ್ಭ ಧರಿಸಬಾರದೆಂಬುದೂ ನೆನಪಿರಲಿ.

ಹರ್-2 ಹೆಚ್ಚಿರುವವರಿಗಾಗಿ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಬೆಲೆ ಬಹಳ ದುಬಾರಿಯಾಗಿತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಅದಕ್ಕೆ ಸಮಾನವಾದ, ಕಡಿಮೆ ಬೆಲೆಯ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಎರಡೂ ಗ್ರಾಹಕಗಳಿಲ್ಲದ, ಹರ್-2 ಕೂಡ ಹೆಚ್ಚಿರದ ಕ್ಯಾನ್ಸರ್‌ಗೆ ಈ ಎರಡು ಔಷಧಿಗಳಿಂದ ಪ್ರಯೋಜನವಿಲ್ಲ. ಅದಕ್ಕೆ ಕಿಮೋಥೆರಪಿಯೇ ಮೊದಲಾದ ಬೇರೆ ಚಿಕಿತ್ಸೆಗಳಿವೆ. ಆದ್ದರಿಂದ ನೆರೆಮನೆಯಾಕೆಗೆ ಕೊಟ್ಟ ಔಷಧಿ ನಿಮಗೇಕೆ ಇಲ್ಲ ಎಂದು ಗಾಬರಿಪಡಬೇಡಿ.

ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದುದು ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ. ಕ್ಯಾನ್ಸರ್ ಗಂಟು ಆರಂಭದಲ್ಲಿ ನೋಯುವುದು ಕಡಿಮೆ. ನೋವಿಲ್ಲವೆಂದು, ನಾಚಿಕೆಯೆಂದು ಮುಚ್ಚಿಡಬೇಡಿ. ತಾಯಿಗೋ ಅತ್ತೆಗೋ ಗಂಟು ಕಾಣಿಸಿದರೆ, "ಏನಿಲ್ಲ ಬಿಡಿ" ಎನ್ನದೆ ಅವರ ಜೊತೆ ಆಸ್ಪತ್ರೆಗೆ ಹೋಗಿ. ಮಹಿಳಾ ವೈದ್ಯೆಯೇ ಬೇಕೆಂದು ಕೇಳಲು ಸಂಕೋಚ ಬೇಡ, ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯಲೂ ಬೇಡಿ.