ಒಂದು ಟಿಎಂಸಿ ನೀರಿಗೆ ಎಷ್ಟು ಎಕರೆ ಭತ್ತ?

ಮುಂಗಾರು ಚುರುಕಾದರೆ ಗಂಗಾವತಿ, ಕಾರಟಗಿ, ಸಿಂಧನೂರಿನ ಚಹಾದಂಗಡಿಗಳಲ್ಲಿ ತುಂಗಭದ್ರಾ ಜಲಾಶಯದ ಒಳಹರಿವಿನದೇ ಮಾತು. ಕಾಲುವೆಗೆ ನೀರು ಬಿಡುವ ದಿನ ಗೊತ್ತಾದರೆ ಸಸಿಮಡಿ ಹಾಕುವ ದಿನವೂ ಗೊತ್ತಾದಂತೆ. ಮಳೆ ನೆಚ್ಚಿ ಜೋಳ ಬೆಳೆಯುತ್ತಿದ್ದ ಈ ಸೀಮೆಯನ್ನು ಸೋನಾ ಮಸೂರಿಯ ನಾಡಾಗಿಸಿದ್ದು 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ.

ಭತ್ತಕ್ಕೆ ನಿಂತ ನೀರೇಕೆ? ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಬಹುತೇಕ ಕಳೆಗಳು ಅಲ್ಲಿ ಉಸಿರುಗಟ್ಟುತ್ತವೆ. ಆದರೆ ಭತ್ತದ ಕಾಂಡ ಮತ್ತು ಬೇರುಗಳಲ್ಲಿ ಏರೆಂಕೈಮಾ ಎಂಬ ಟೊಳ್ಳು ಅಂಗಾಂಶವಿದ್ದು, ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುತ್ತದೆ. ನಾಟಿಗೆ ಮುಂಚೆ ಗದ್ದೆಯನ್ನು ಕೆಸರು ಮಾಡುವುದರಿಂದ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗುವುದು ತಗ್ಗುತ್ತದೆ.

ಈಗ ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಅದು ಸುಮಾರು 23 ಸಾವಿರ ಎಕರೆಗೆ ಹರಡುತ್ತದೆ. ಒಂದು ಹಂಗಾಮಿನ ಭತ್ತಕ್ಕೆ ನಾಲ್ಕು ಅಡಿ ನೀರು ಹಿಡಿದರೆ ಸಿಗುವ ಉತ್ತರ ಸುಮಾರು 5,700 ಎಕರೆ. ಕಾಲುವೆಯಲ್ಲಿ ಸೋರಿಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. 133 ಟಿಎಂಸಿ ಸಾಮರ್ಥ್ಯದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ ಎಂಬುದರ ತೂಕ ಈ ಲೆಕ್ಕದಲ್ಲಿ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟಿನ ಊರೂರೇ ಕಂಗಾಲಾದದ್ದೂ ಇದಕ್ಕೇ.

ಯಾಕೆಂದರೆ ಕಾಲುವೆಯ ನೀರನ್ನು ನಂಬಿದವರು ಗದ್ದೆಯ ಒಡೆಯರಷ್ಟೇ ಅಲ್ಲ. ನಾಟಿಗೆ ಬರುವ ಹೆಣ್ಣುಮಕ್ಕಳು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು, ರೈಸ್ ಮಿಲ್ಲಿನ ಹಮಾಲರು, ತೌಡು ಮಾರುವವರು, ಹುಲ್ಲು ಒಟ್ಟುವ ದನಗಾರರು ಎಲ್ಲರ ವರ್ಷದ ದುಡಿಮೆಯೂ ಅದರ ಮೇಲೆಯೇ ನಿಂತಿದೆ.

ಆದರೆ ಯೋಜನೆ ಹಾಕಿದಾಗ ಈ ಭಾಗದ ಹೆಚ್ಚಿನ ಜಮೀನು ಅರೆ ನೀರಾವರಿ ಬೆಳೆಗೆಂದೇ ಗುರುತಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ನೀರು ಮುಟ್ಟುವುದೇ ಕಷ್ಟವಾಯಿತು. ಮೇಲ್ಭಾಗಕ್ಕೂ ಅದು ಪೂರ್ತಿ ಲಾಭವಲ್ಲ. ಕರಿಮಣ್ಣಿನಲ್ಲಿ ನೀರು ಬಸಿಯದೆ ಅಂತರ್ಜಲ ಮೇಲೇರುತ್ತದೆ; ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಹೊಲದ ಮೇಲೆ ಬಿಳಿ ಪದರು ಕಂಡರೆ ಸವುಳು ಹತ್ತಿತೆಂದೇ ಅರ್ಥ.

ದಾರಿ ಇದೆ. ಸುತ್ತ ತೂತು ಕೊರೆದ ಸುಮಾರು 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪೈಪನ್ನು, ಬಾಯಿ ಮೇಲಿರುವಂತೆ ಗದ್ದೆಯಲ್ಲಿ ಹೂಳಿ ಒಳಗೆ ನೋಡಿದರೆ ಮಣ್ಣಿನಡಿಯ ನೀರಿನ ಮಟ್ಟ ಕಾಣುತ್ತದೆ. ಅದು ನೆಲದಿಂದ 15 ಸೆಂ.ಮೀ. ಕೆಳಗಿಳಿದಾಗಷ್ಟೇ ನೀರು ಹಾಯಿಸಿದರೆ ಸಾಕು. ಹೂ ಬಿಡುವ ಹೊತ್ತಿನಲ್ಲಂತೂ ನೀರು ನಿಂತಿರಲೇಬೇಕು. ಹೀಗೆ ಮಾಡಿದರೆ ಇಳುವರಿ ಕುಗ್ಗದೆ ನೀರು ಉಳಿಯುತ್ತದೆ.

ಆದರೆ ನಾಳೆ ಕಾಲುವೆಗೆ ನೀರು ಬರುವ ಖಾತ್ರಿ ಇಲ್ಲದ ರೈತ ಇವತ್ತೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ಸರದಿ ತಪ್ಪದೆ, ಹೇಳಿದ ದಿನಕ್ಕೆ ನೀರು ಬಂದರೆ ಮಾತ್ರ ಅವನು ಕಡಿಮೆ ಹಾಯಿಸುವ ಧೈರ್ಯ ಮಾಡಿಯಾನು. ಕಾಲುವೆ ದುರಸ್ತಿ, ಅಳತೆ ಮಾಡಿ ನೀರು ಬಿಡುವುದು, ಬಸಿಗಾಲುವೆ ತೋಡುವುದು ಇವು ಹೊಸ ಅಣೆಕಟ್ಟಿನಷ್ಟು ಸುದ್ದಿಯಾಗದ ಕೆಲಸಗಳು. ಕೊನೆಭಾಗದ ಗದ್ದೆಯಲ್ಲಿ ತೆನೆ ಕಟ್ಟುವುದು ಮಾತ್ರ ಇವುಗಳಿಂದಲೇ.