ಹೊಸ ವಿಂಡೋಸ್‌ಗೆ ಹಳೇ ಕಂಪ್ಯೂಟರ್ ಒಗ್ಗಲ್ವಾ?

‘ಈ ಪಿಸಿಗೆ ವಿಂಡೋಸ್ 11 ಆಗಲ್ಲ’ ಎಂಬ ಸಂದೇಶ ಕಂಡರೆ ಸಾಕು, ‘ಹೊಸದೇ ತಗೊಂಡ್ಬಿಡಿ ಮೇಡಂ’ ಅಂತಾರೆ ಅಂಗಡಿಯವರು. ಟೈಲರಿಂಗ್ ಲೆಕ್ಕ, ಟ್ಯೂಷನ್ ನೋಟ್ಸು, ಸ್ತ್ರೀಶಕ್ತಿ ಸಂಘದ ವರದಿ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಗೃಹಿಣಿಗೆ ಅದು ಸಣ್ಣ ಖರ್ಚಲ್ಲ. ದುಡ್ಡು ಬಿಚ್ಚುವ ಮುನ್ನ ಕೊರತೆ ಏನೆಂದು ನೋಡಿ.

ವಿಂಡೋಸ್ 10ರ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಕಂಪ್ಯೂಟರ್ ಏನೂ ಅವತ್ತೇ ನಿಂತುಹೋಗಲಿಲ್ಲ. ಆದರೆ ನೆಟ್ ಬ್ಯಾಂಕಿಂಗ್ ಮಾಡೋರು ಉದಾಸೀನ ಮಾಡೋ ಹಾಗಿಲ್ಲ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಯಾವುದರಲ್ಲಿ ಫೇಲ್ ಅಂತ ಅದೇ ಹೇಳುತ್ತೆ.

ಬಹಳ ಸಲ ಫೇಲಾಗೋದು ಟಿಪಿಎಂನಲ್ಲಿ. ಇದು ಗುಪ್ತ ಕೀಲಿಗಳನ್ನು ಜೋಪಾನ ಮಾಡುವ ವ್ಯವಸ್ಥೆ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಅದು ಇದ್ದೂ ಆಫ್ ಆಗಿರಬಹುದು! ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಬಯೋಸ್ ತೆರೆಯುತ್ತೆ. ಅಲ್ಲಿ ಇಂಟೆಲ್ ಬೋರ್ಡಿನಲ್ಲಿ ‘ಪಿಟಿಟಿ’, ಎಎಂಡಿ ಬೋರ್ಡಿನಲ್ಲಿ ‘ಎಫ್‌ಟಿಪಿಎಂ’ ಅಂತ ಇರುತ್ತೆ. ಆನ್ ಮಾಡಿ ಸೇವ್ ಮಾಡಿದರಾಯ್ತು, ಕಾಸು ಖರ್ಚಿಲ್ಲ.

ಸೆಕ್ಯೂರ್ ಬೂಟ್ ವಿಷಯ ಹಾಗಲ್ಲ. ಡಿಸ್ಕ್ ಹಳೇ ‘ಎಂಬಿಆರ್’ ಪದ್ಧತಿಯದಾಗಿದ್ದರೆ, ಬಯೋಸನ್ನು ಸುಮ್ಮನೆ ಯುಇಎಫ್‌ಐಗೆ ಬದಲಿಸಿದ ಕೂಡಲೇ ವಿಂಡೋಸ್ ತೆರೆಯೋದೇ ಇಲ್ಲ. ಮೊದಲು ಡಿಸ್ಕನ್ನು ‘ಜಿಪಿಟಿ’ಗೆ ಬದಲಿಸಬೇಕು. ಈ ಕೆಲಸ ಗೊತ್ತಿದ್ದವರಿಗೇ ಬಿಡಿ.

ಪ್ರಿಂಟರ್, ಸ್ಕ್ಯಾನರ್ ಮರೀಬೇಡಿ. ವಿಂಡೋಸ್ 11 ಬರೋದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಡ್ರೈವರ್ ಅದಕ್ಕೆ ಒಗ್ಗಲ್ಲ. ತಯಾರಕರ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿ. ನಿಮ್ಮ ವಿಂಡೋಸ್ 10 ಕೂಡ 32 ಬಿಟ್‌ನದಾಗಿದ್ದರೆ ಮೇಲಿಂದ ಮೇಲೆ ಅಪ್‌ಗ್ರೇಡ್ ಆಗಲ್ಲ, ಎಲ್ಲಾ ಹೊಸದಾಗೇ ಹಾಕಬೇಕು. ಯಾವುದಕ್ಕೂ ಮುಂಚೆ ಫೋಟೊ, ಲೆಕ್ಕ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿದ್ದಿದ್ದರೆ ಅದರ ಫಾಂಟುಗಳನ್ನೂ ಎತ್ತಿಡಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತೆ.

ಪ್ರೊಸೆಸರೇ ಹಳೇದಾದರೆ? ಬಲವಂತವಾಗಿ ಹಾಕುವ ಉಪಾಯಗಳನ್ನು ಯೂಟ್ಯೂಬ್‌ನಲ್ಲಿ ತೋರಿಸ್ತಾರೆ. ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಸಿಗುವ ಖಾತ್ರಿಯಿಲ್ಲ, ಲೆಕ್ಕಪತ್ರ ಇರುವ ಕಂಪ್ಯೂಟರಿಗಂತೂ ಬೇಡವೇ ಬೇಡ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ ನೋಡಬಹುದು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯಲ್ಲ ಅನ್ನೋದು ನೆನಪಿರಲಿ.

ಅಪ್‌ಗ್ರೇಡ್ ಆದ ಮೇಲೆ ಏನಾದರೂ ಕೈಕೊಟ್ಟರೆ ಹೆದರಬೇಡಿ. ಸೆಟ್ಟಿಂಗ್ಸ್‌ನ ಸಿಸ್ಟಮ್, ಅದರೊಳಗಿನ ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೇದಕ್ಕೇ ಮರಳಬಹುದು. ಅದಕ್ಕೆ ಅವಕಾಶ 10 ದಿನ ಮಾತ್ರ. ಹಾಗಾಗಿ ಮೊದಲ ದಿನವೇ ಪ್ರಿಂಟ್ ತೆಗೆದು ನೋಡಿ.