ಇಪ್ಪತ್ತನಾಲ್ಕು ತಾಸಿನ ಎರಡು ಗಡುವು

ದಾಂಡೇಲಿ, ಜೋಯಿಡಾದ ಹೋಮ್‌ಸ್ಟೇ ಮಾಲೀಕರಿಗೆ ‘ಸಿ ಫಾರಂ’ ಗೊತ್ತು. ಕಾಳಿ ನದಿಯ ರಾಫ್ಟಿಂಗ್‌ಗೆಂದು ವಿದೇಶಿ ಅತಿಥಿ ಬಂದಿಳಿದರೆ ಪಾಸ್‌ಪೋರ್ಟ್ ಸಂಖ್ಯೆ, ವೀಸಾ, ಬಂದ ದಿನ, ಬಂದ ಸಮಯ ಎಲ್ಲವನ್ನೂ ತುಂಬಿ 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಮುಂಡಗೋಡದಲ್ಲಿ ನಿಯಮ ಇನ್ನೂ ಬಿಗಿ. 1966ರಲ್ಲಿ ಆರಂಭವಾದ ಟಿಬೆಟನ್ ಕ್ಯಾಂಪಿನಲ್ಲಿ ವಿದೇಶಿಯರು ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು.

ಸಿ ಫಾರಂನ 24 ತಾಸು ನಮಗೆ ಹಾಕಿದ ಗಡುವು. ದೇಶದ ಸುರಕ್ಷತೆಗೆ ಬೇಕಾದ ಮಾಹಿತಿ. ಕೊಡುವುದು ನಮ್ಮ ಹೊಣೆ.

ಸರ್ಕಾರಕ್ಕೂ ಅಷ್ಟೇ ತಾಸಿನ ಗಡುವಿದೆ. ಸಂವಿಧಾನದ 22ನೇ ವಿಧಿಯಂತೆ, ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುಂಜಾಗ್ರತಾ ಬಂಧನದಲ್ಲಿರುವವರು ಮತ್ತು ಶತ್ರುದೇಶದವರು ಮಾತ್ರ ಇದಕ್ಕೆ ಹೊರತು. ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಯಲ್ಲಿರುವ ಪದ ‘ನಾಗರಿಕ’ ಅಲ್ಲ, ‘ವ್ಯಕ್ತಿ’. ಹಳಿಯಾಳದ ರೈತನಿಗೂ ಮುಂಡಗೋಡದ ಟಿಬೆಟನ್ ಭಿಕ್ಷುವಿಗೂ ಅದರ ರಕ್ಷೆ ಒಂದೇ.

ಗಡುವು ಹಿಗ್ಗಿದಾಗ

ಸಾಮಾನ್ಯ ಪ್ರಕರಣದಲ್ಲಿ ಆರೋಪಿ ಜೈಲಿನಲ್ಲಿದ್ದರೆ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯಲ್ಲಿ ನ್ಯಾಯಾಲಯ ಒಪ್ಪಿದರೆ ಅದು 180 ದಿನ. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿನ ಬಾಗಿಲೂ ಮುಚ್ಚುತ್ತದೆ. ಊರೂರಿಗೆ ಹಬ್ಬಿದ ಜಾಲ ಬಿಡಿಸಲು ತನಿಖೆಗೆ ಕಾಲ ಬೇಕು, ನಿಜ. ಆದರೆ ಆ ಕಾಲಕ್ಕೆ ಕೊನೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ನೆಲಬಾಂಬು ಸಿಡಿಸಿತು. 22 ಜನ ಸತ್ತರು. ಆ ಮನೆಗಳಿಗೆ ನ್ಯಾಯ ಸಿಗಲೇಬೇಕಿತ್ತು. ಅದಕ್ಕಾಗಿ ಭಯೋತ್ಪಾದನೆ ತಡೆಗೆ ಆಗ ಇದ್ದ ಟಾಡಾ ಕಾಯ್ದೆಯಡಿ ಕಾಡಂಚಿನ ಹಳ್ಳಿಗರನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ತಂದರು. 1995ರಲ್ಲಿ ಟಾಡಾ ಮುಗಿಯಿತು, ಮೊಕದ್ದಮೆ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಆರೋಪಿಗಳಲ್ಲಿ ಹೆಚ್ಚಿನವರನ್ನು ಖುಲಾಸೆ ಮಾಡಿತು. ಜೈಲಿನಲ್ಲಿ ಕಳೆದ ವರ್ಷಗಳನ್ನು ಅವರಿಗೆ ಯಾರೂ ಹಿಂದಿರುಗಿಸಲಾರರು. ವಿಚಾರಣೆ ಮಿತಿಮೀರಿ ಎಳೆದರೆ ಯುಎಪಿಎ ಪ್ರಕರಣದಲ್ಲೂ ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ, ನಜೀಬ್ ಪ್ರಕರಣದಲ್ಲಿ.

ನಮ್ಮ ಕೈಯಲ್ಲಿರುವುದು

ಬಂಧನದ ವೇಳೆ ಪೊಲೀಸರು ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿಯಾಗಿ ಸಹಿ ಹಾಕಬೇಕು. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನ ನಿಯಮವಿದು. ವಕೀಲರ ನೆರವು ಬೇಕಾದರೆ ಕಾನೂನು ಸೇವೆಗಳ ಉಚಿತ ಸಹಾಯವಾಣಿ 15100 ಇದೆ. ನಾಳೆ ಮೆಮೊಗೆ ಸಹಿ ಹಾಕುವ ಸಾಕ್ಷಿ ನೀವೇ ಆಗಬಹುದು. ಆಗ ಸಿ ಫಾರಂನಲ್ಲಿ ಅತಿಥಿ ಬಂದ ಸಮಯ ಬರೆದಷ್ಟೇ ಶ್ರದ್ಧೆಯಿಂದ ಮೆಮೊದಲ್ಲಿ ಬಂಧನದ ಸಮಯ ನೋಡಿ, ಆಮೇಲೆ ಸಹಿ ಹಾಕಿ. ಸರ್ಕಾರದ 24 ತಾಸು ಎಣಿಕೆಯಾಗುವುದು ಆ ಸಮಯದಿಂದ.